ಗಾಂಧಿನಗರಕ್ಕೆ ಬರುವ ಮುನ್ನ: ಕನ್ನಡ ಚಿತ್ರರಂಗದಲ್ಲಿ ಕೆಲಸ ಹಿಡಿಯುವ ದಾರಿ

ಪದವಿ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಸಿನಿಮಾದಲ್ಲಿ ಕೆಲಸ ಮಾಡುವವರ ಫೋನಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. "ಸರ್, ನಂಗೆ ಸಿನಿಮಾ ಅಂದ್ರೆ ಪ್ರಾಣ. ಯಾವ ಕೆಲ್ಸ ಕೊಟ್ರೂ ಮಾಡ್ತೀನಿ. ಒಂದ್ ಚಾನ್ಸ್ ಕೊಡಿ ಸಾಕು." ಬರೆದವರ ಆಸೆಯಲ್ಲಿ ಸುಳ್ಳಿಲ್ಲ. ಆದರೂ ಉತ್ತರ ಬರುವುದಿಲ್ಲ. ಓದಿದವರಿಗೆ ಕನಿಕರ ಇಲ್ಲವೆಂದಲ್ಲ, "ಯಾವ ಕೆಲಸವಾದರೂ" ಎಂಬ ಕೆಲಸ ಯಾವ ಯೂನಿಟ್‌ನಲ್ಲೂ ಇರುವುದಿಲ್ಲ. ಕ್ಯಾಮೆರಾ ವಿಭಾಗಕ್ಕೆ ಫೋಕಸ್ ನೋಡಿಕೊಳ್ಳುವವರು ಬೇಕು. ನಿರ್ದೇಶನ ವಿಭಾಗಕ್ಕೆ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಉಡುಪು, ವಸ್ತುಗಳು ಹೊಂದುವಂತೆ ಇಡುವ ಲೆಕ್ಕ, ಬರೆಯುವವರು ಬೇಕು. ಪ್ರೊಡಕ್ಷನ್‌ಗೆ ಬೆಳಗಿನ ಐದಕ್ಕೆ ಗಾಡಿ ಹೊರಡಿಸುವವರು ಬೇಕು. ಹಾಗಾಗಿ ನನ್ನ ಮೊದಲ ಮಾತು ಇಷ್ಟೇ: ಸಿನಿಮಾಕ್ಕೆ ಬರಬೇಡಿ, ಸಿನಿಮಾದ ಒಂದು ವಿಭಾಗಕ್ಕೆ ಬನ್ನಿ. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಹೆಜ್ಜೆ 1: ವಿಭಾಗ ಆರಿಸಿಕೊಳ್ಳಿ

ಊರಿನಿಂದ ಬರುವ ಹತ್ತು ಜನರಲ್ಲಿ ಹೆಚ್ಚಿನವರು ಹೇಳುವುದು ಎರಡೇ ಹೆಸರು: ಹೀರೋ ಇಲ್ಲವೇ ಡೈರೆಕ್ಟರ್. ಪರದೆಯ ಮೇಲೆ ಕಾಣುವುದು, ಪೋಸ್ಟರ್‌ನಲ್ಲಿ ದೊಡ್ಡದಾಗಿ ಬರುವುದು ಅವೆರಡೇ ತಾನೇ. ಆದರೆ ಚಿತ್ರ ಮುಗಿದ ಮೇಲೆ ಓಡುವ ಹೆಸರುಗಳ ಪಟ್ಟಿಯನ್ನು ಒಮ್ಮೆ ಎದ್ದು ಹೋಗದೆ ಪೂರ್ತಿ ಓದಿ. ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣ, ಧ್ವನಿ ವಿನ್ಯಾಸ, ಕಲಾ ನಿರ್ದೇಶನ, ವಸ್ತ್ರ ವಿನ್ಯಾಸ, ಮೇಕಪ್, ಕಲರಿಂಗ್, ವಿಎಫ್ಎಕ್ಸ್, ಡಬ್ಬಿಂಗ್, ಸಬ್‌ಟೈಟಲ್, ಪ್ರೊಡಕ್ಷನ್ ಮ್ಯಾನೇಜ್‌ಮೆಂಟ್, ಸ್ಟಿಲ್ ಫೋಟೋಗ್ರಫಿ, ಪಬ್ಲಿಸಿಟಿ ಡಿಸೈನ್. ಪ್ರತಿಯೊಂದೂ ಒಬ್ಬರ ಇಡೀ ಜೀವಮಾನದ ದುಡಿಮೆ.

ಯಾವುದು ನಿಮಗೆ ಒಗ್ಗುತ್ತದೆ ಎಂದು ತಿಳಿಯಲು ದುಡ್ಡು ಖರ್ಚಾಗದ ಒಂದು ಪರೀಕ್ಷೆ ಇದೆ. ನಿಮಗೆ ಬಾಯಿಪಾಠವಾಗಿರುವ ಒಂದು ಕನ್ನಡ ಚಿತ್ರದ ಐದು ನಿಮಿಷದ ದೃಶ್ಯ ತೆಗೆದುಕೊಳ್ಳಿ. ಮೊದಲು ಸೌಂಡ್ ಪೂರ್ತಿ ತೆಗೆದು ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಮೂರನೇ ಸಲ ಪ್ರತಿ ಕಟ್‌ಗೂ ನಿಲ್ಲಿಸಿ, ಕ್ಯಾಮೆರಾ ಎಲ್ಲಿತ್ತು, ಬೆಳಕು ಯಾವ ಕಡೆಯಿಂದ ಬಿತ್ತು, ಪಾತ್ರ ಯಾವ ಕೈಯಲ್ಲಿ ಲೋಟ ಹಿಡಿದಿತ್ತು ಎಂದು ಬರೆದುಕೊಳ್ಳಿ. ಯಾವುದನ್ನು ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವೋ ಅಲ್ಲಿಂದ ಹುಡುಕಾಟ ಶುರು ಮಾಡಿ.

ಸಂಕಲನ ಇಷ್ಟವಾದರೆ ಇವತ್ತೇ ಆರಂಭಿಸಬಹುದು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಕಲಿಕೆಗೆ ಸಾಕಷ್ಟಾಯಿತು. ಕೆಜಿಎಫ್ ಎರಡನೇ ಭಾಗದ ಸಂಕಲನಕಾರ ಉಜ್ವಲ್ ಕುಲಕರ್ಣಿ ಆ ಕೆಲಸ ಸಿಕ್ಕಾಗ ಇಪ್ಪತ್ತರ ಆಸುಪಾಸಿನ ಹುಡುಗ. ಅಭಿಮಾನಿಯಾಗಿ ಎಡಿಟ್ ಮಾಡುತ್ತಿದ್ದ ವಿಡಿಯೋಗಳೇ ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಣ್ಣಿಗೆ ಬಿದ್ದವು. ಎಲ್ಲರಿಗೂ ಹಾಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗ ಅವಕಾಶ ಕೇಳುವುದಕ್ಕೆ ಮೊದಲೇ ಕೆಲಸ ಮಾಡಿ ಮುಗಿಸಿದ್ದ ಎಂಬುದನ್ನು ಗಮನಿಸಿ.

ಧ್ವನಿ ವಿಭಾಗದ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಇಲ್ಲಿಗೆ ಬರುವವರು ಕಡಿಮೆ, ಬೇಕಾಗಿರುವವರು ಹೆಚ್ಚು. ಚಿತ್ರೀಕರಣದ ಸ್ಥಳದಲ್ಲೇ ಮಾತು ಹಿಡಿಯುವ ಸಿಂಕ್ ಸೌಂಡ್ ಚಿತ್ರಗಳು ಕನ್ನಡದಲ್ಲಿ ಈಗ ಸಾಮಾನ್ಯವಾಗುತ್ತಿವೆ. ಬೂಮ್ (ಮೈಕ್ ಕಟ್ಟಿದ ಉದ್ದ ಕೋಲು) ಹಿಡಿದು ಫ್ರೇಮಿನ ಅಂಚಿಗೆ ಮೈಕ್ ತಾಗಿಸದೆ, ನಟರ ಮಾತಿನ ಜೊತೆಗೇ ಚಲಿಸಬಲ್ಲ ಒಬ್ಬ ಒಳ್ಳೆಯ ಸಹಾಯಕನನ್ನು ಧ್ವನಿಗ್ರಾಹಕರು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಡಬ್ಬಿಂಗ್ ಕ್ಷೇತ್ರವೂ ಬೆಳೆದಿದೆ. ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗುವುದನ್ನು ತಡೆಯುವುದು ಸರಿಯಲ್ಲವೆಂದು ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪು ಕೊಟ್ಟಿತು. ಆ ನಂತರ ತುಟಿಚಲನೆಗೆ ಹೊಂದುವಂತೆ ಕನ್ನಡ ಮಾತು ಬರೆಯುವವರಿಗೂ ಕಂಠದಾನ ಮಾಡುವವರಿಗೂ ಕೆಲಸ ಹುಟ್ಟಿದೆ. ಕನ್ನಡವನ್ನು ತಿದ್ದಿ ತೀಡಿ ಬರೆಯಬಲ್ಲ ಸಾಹಿತ್ಯದ ವಿದ್ಯಾರ್ಥಿಗಳು ಈ ಕಡೆ ನೋಡಬೇಕು ಎಂಬುದು ನನ್ನ ಆಸೆ. ಈಗ ಬರುತ್ತಿರುವ ಡಬ್ಬಿಂಗ್ ಕನ್ನಡದಲ್ಲಿ ಬಹಳಷ್ಟು ಯಾರ ಮನೆಯಲ್ಲೂ ಆಡದ ಕನ್ನಡ. ಅದನ್ನು ಸರಿಪಡಿಸುವವರು ಬೇಕೇ ಬೇಕು.

ಬಿ.ಕಾಂ. ಮಾಡಿದವರು, ಲೆಕ್ಕದಲ್ಲಿ ಗಟ್ಟಿಯಿರುವವರು ಪ್ರೊಡಕ್ಷನ್ ವಿಭಾಗವನ್ನು ಕಡೆಗಣಿಸಬೇಡಿ. ಹಂಪಿಯ ಸ್ಮಾರಕದಲ್ಲಿ ಚಿತ್ರೀಕರಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಕಾಡಿನೊಳಗೆ ಹೋದರೆ ಅರಣ್ಯ ಇಲಾಖೆಯದು ಬೇಕು, ರಸ್ತೆಗೆ ಪೊಲೀಸರದು. ಯಾವ ಅರ್ಜಿ ಎಲ್ಲಿಗೆ, ಎಷ್ಟು ದಿನ ಮೊದಲು ಎಂದು ತಿಳಿದಿರುವ ಮ್ಯಾನೇಜರ್ ಕೈಯಲ್ಲಿ ಕೆಲಸ ಇಲ್ಲದೆ ಕೂತದ್ದನ್ನು ನಾನು ನೋಡಿಲ್ಲ.

ಹೆಜ್ಜೆ 2: ಕಲಿಕೆ

ಸಿನಿಮಾ ಶಾಲೆಗೆ ಹೋಗಲೇಬೇಕೆ? ತಾಂತ್ರಿಕ ವಿಭಾಗಗಳಿಗಾದರೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾ, ಸೌಂಡ್ ಎರಡರಲ್ಲೂ ಭೌತಶಾಸ್ತ್ರ ಇದೆ. ಸೆಟ್‌ನಲ್ಲಿ ಅದನ್ನು ಕೂರಿಸಿ ಹೇಳಿಕೊಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ನಮ್ಮ ರಾಜ್ಯದಲ್ಲೇ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ಇದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ್ ನಿಹಲಾನಿ ಕೂಡ 1962ರಲ್ಲಿ ಅಲ್ಲಿಂದಲೇ ಹೊರಬಂದವರು. ಖಾಸಗಿ ಶಾಲೆಗಳ ಲಕ್ಷಾಂತರ ಶುಲ್ಕಕ್ಕೆ ಹೋಲಿಸಿದರೆ ಸರ್ಕಾರಿ ಸಂಸ್ಥೆಯ ಖರ್ಚು ಬಹಳ ಕಡಿಮೆ. ಅರ್ಹತೆ, ಕೊನೆಯ ದಿನಾಂಕ ಇವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಯಾರೋ ಹೇಳಿದ್ದನ್ನು ನಂಬಬೇಡಿ.

ಕೇಂದ್ರ ಸರ್ಕಾರದ ಸಿನಿಮಾ ಶಾಲೆಗಳಾದ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ ಎರಡಕ್ಕೂ ಪ್ರವೇಶ ಪರೀಕ್ಷೆ, ಸಂದರ್ಶನ ಇವೆ. ಯಾವುದೇ ವಿಷಯದ ಪದವಿ ನಡೆಯುತ್ತದೆ. ಗಿರೀಶ್ ಕಾಸರವಳ್ಳಿ ಪುಣೆಯಲ್ಲಿ ಕಲಿತವರೆಂಬುದು ಎಲ್ಲರಿಗೂ ಗೊತ್ತು. ಇತ್ತೀಚಿನ ಉದಾಹರಣೆ ಚಿದಾನಂದ ನಾಯ್ಕ್. ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯಲ್ಲಿ ಒಂದು ವರ್ಷದ ಟಿವಿ ನಿರ್ದೇಶನ ಕೋರ್ಸ್ ಸೇರಿ, ಅದರ ಕೊನೆಗೆ ಕನ್ನಡದಲ್ಲಿ ಮಾಡಿದ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಪರೀಕ್ಷೆ ಇಂಗ್ಲಿಷ್‌ನಲ್ಲಿರುತ್ತದೆ ಎಂದು ಹೆದರಿ ಹಿಂದೆ ಸರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಹೇಳುವುದು: ಒಂದು ವರ್ಷ ಮೊದಲೇ ತಯಾರಿ ಶುರು ಮಾಡಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಅರ್ಜಿ ಹಾಕಿ. ಅಲ್ಲಿ ನೋಡುವುದು ನಿಮ್ಮ ಕಣ್ಣನ್ನು, ವ್ಯಾಕರಣವನ್ನಲ್ಲ.

ಶಾಲೆ ಸಾಧ್ಯವಾಗದವರಿಗೆ ಫಿಲ್ಮ್ ಸೊಸೈಟಿಗಳಿವೆ, ಕರ್ನಾಟಕ ಚಲನಚಿತ್ರ ಅಕಾಡೆಮಿ ಆಗಾಗ ನಡೆಸುವ ಕಾರ್ಯಾಗಾರಗಳಿವೆ, ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. ವಿದ್ಯಾರ್ಥಿ ಪಾಸ್ ತೆಗೆದುಕೊಂಡು ಅಷ್ಟೂ ದಿನ ಕೂತು ನೋಡಿ. ಸರದಿಯಲ್ಲಿ ನಿಮ್ಮ ಮುಂದೆ ನಿಂತವರು ಮುಂದೊಂದು ದಿನ ನಿಮ್ಮ ಛಾಯಾಗ್ರಾಹಕರಾಗಬಹುದು.

ಹೆಜ್ಜೆ 3: ಬಾಗಿಲು ತಟ್ಟುವುದು

ಗಾಂಧಿನಗರದ ಹೋಟೆಲುಗಳ ಮುಂದೆ ನಿಂತು ಅವಕಾಶ ಹುಡುಕುವ ಕಾಲ ಬಹುಪಾಲು ಮುಗಿದಿದೆ. ಆಫೀಸುಗಳು ಈಗ ರಾಜಾಜಿನಗರ, ನಾಗರಬಾವಿ, ಬನಶಂಕರಿ, ರಾಜರಾಜೇಶ್ವರಿನಗರ ಎಂದು ಊರೆಲ್ಲ ಹರಡಿವೆ.

ಸ್ಟಾರ್ ನಿರ್ದೇಶಕರನ್ನು ಹಿಡಿಯಲು ಹೋಗಬೇಡಿ. ನಿಮಗೆ ಇಷ್ಟವಾದ ನಾಲ್ಕೈದು ಚಿತ್ರಗಳ ಟೈಟಲ್ ಕಾರ್ಡ್ ನೋಡಿ, ನಿರ್ದೇಶಕರ ಹಿರಿಯ ಸಹಾಯಕರಾದ ಅಸೋಸಿಯೇಟ್ ಮತ್ತು ಕೋ-ಡೈರೆಕ್ಟರ್ ಹೆಸರು ಬರೆದುಕೊಳ್ಳಿ. ಹೊಸ ಸಹಾಯಕರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ನಿಜವಾಗಿ ತೀರ್ಮಾನಿಸುವವರು ಅವರು. ಬೇರೆ ವಿಭಾಗಗಳಲ್ಲೂ ಹೀಗೆಯೇ: ಛಾಯಾಗ್ರಾಹಕರಿಗಿಂತ ಅವರ ಮೊದಲ ಸಹಾಯಕರು, ಸಂಕಲನಕಾರರಿಗಿಂತ ಅವರ ಅಸೋಸಿಯೇಟ್.

ಹೊತ್ತೂ ಮುಖ್ಯ. ಮುಹೂರ್ತದ ಸುದ್ದಿ ಪತ್ರಿಕೆಯಲ್ಲಿ ಬರುವ ವೇಳೆಗೆ ತಂಡ ಬಹುತೇಕ ತುಂಬಿರುತ್ತದೆ. ಕಥೆ ಡಿಸ್ಕಷನ್‌ನಲ್ಲಿರುವಾಗ, ಲೊಕೇಶನ್ ಹುಡುಕುತ್ತಿರುವಾಗ ಹೋಗಬೇಕು. ಆಷಾಢದಲ್ಲಿ ಮುಹೂರ್ತ ಇಟ್ಟುಕೊಳ್ಳುವವರು ಕಡಿಮೆ. ಶ್ರಾವಣದ ಮುಹೂರ್ತಗಳಿಗೆ ತಯಾರಿ ನಡೆಯುವುದು ಆ ತಿಂಗಳಲ್ಲೇ. ಸಂಪರ್ಕಿಸಲು ಅದು ಒಳ್ಳೆಯ ಸಮಯ.

ಸಂದೇಶ ಹೇಗಿರಬೇಕು? ಹೀಗೆ ಬರೆಯಿರಿ:

"ನಮಸ್ಕಾರ ಸರ್. ನಾನು ಹಾವೇರಿಯವಳು, ಬಿ.ಎ. ಮುಗಿಸಿ ಈಗ ವಿಜಯನಗರದಲ್ಲಿದ್ದೇನೆ. ನೀವು ಕೆಲಸ ಮಾಡಿದ ಚಿತ್ರದ ಸಂತೆ ದೃಶ್ಯದಲ್ಲಿ ಅಷ್ಟು ಜನರನ್ನು ಹೇಗೆ ನಿಭಾಯಿಸಿದಿರಿ ಎಂದು ತುಂಬಾ ಯೋಚಿಸಿದೆ. ನಿರ್ದೇಶನ ವಿಭಾಗದಲ್ಲಿ ಕಂಟಿನ್ಯುಟಿ ಕೆಲಸ ಕಲಿಯಬೇಕೆಂದಿದ್ದೇನೆ. ಕನ್ನಡ ಟೈಪಿಂಗ್ ವೇಗವಾಗಿ ಬರುತ್ತದೆ, ಉತ್ತರ ಕರ್ನಾಟಕದ ಭಾಷೆ ನನ್ನ ಮನೆಮಾತು. ನಾನು ಮಾಡಿದ ಆರು ನಿಮಿಷದ ಕಿರುಚಿತ್ರದ ಲಿಂಕ್ ಕೆಳಗಿದೆ. ಮುಂದಿನ ಚಿತ್ರಕ್ಕೆ ಸಹಾಯಕರು ಬೇಕಿದ್ದರೆ ಬಂದು ಭೇಟಿಯಾಗುತ್ತೇನೆ."

ಇದರಲ್ಲಿ ಪ್ರಾಣ, ಕನಸು, ಹುಚ್ಚು ಎಂಬ ಮಾತುಗಳಿಲ್ಲ. ಎಲ್ಲಿದ್ದೀರಿ, ಏನು ಬರುತ್ತದೆ, ಯಾವ ಕೆಲಸ ಬೇಕು ಎಂಬುದಿದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಸುಮ್ಮನಿರಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಬೇಡಿ, ಮನೆ ಬಾಗಿಲಿಗೆ ಹೋಗಬೇಡಿ.

ಧಾರಾವಾಹಿಗಳನ್ನು ಕೀಳಾಗಿ ಕಾಣುವ ಹುಡುಗರಿದ್ದಾರೆ. ಅದು ದೊಡ್ಡ ತಪ್ಪು. ದಿನವೂ ಪ್ರಸಾರವಾಗುವ ಕಂತಿಗಾಗಿ ದಿನವೂ ಚಿತ್ರೀಕರಣ ನಡೆಯುವ ಆ ಜಾಗದಲ್ಲಿ ಒಂದು ವರ್ಷ ಕೆಲಸ ಮಾಡಿದವರಿಗೆ ಬರುವ ಕೈಚಳಕ ವರ್ಷಕ್ಕೊಂದು ಸಿನಿಮಾ ಮಾಡಿದವರಿಗೆ ಬರುವುದಿಲ್ಲ. ಹಣವೂ ತಿಂಗಳಿಗೊಮ್ಮೆ ಬರುತ್ತದೆ. ಕರಾವಳಿಯವರಿಗೆ ಮಂಗಳೂರಿನ ತುಳು ಚಿತ್ರಗಳ ತಂಡಗಳು ಮನೆಯ ಹತ್ತಿರದ ಶಾಲೆ.

ಹೆಜ್ಜೆ 4: ಸೆಟ್‌ನಲ್ಲಿ ಮೊದಲ ದಿನಗಳು

ನಾನು ಹತ್ತಿರದಿಂದ ಬಲ್ಲದ್ದು ನಿರ್ದೇಶನ ವಿಭಾಗ, ಹಾಗಾಗಿ ಅದನ್ನೇ ವಿಸ್ತಾರವಾಗಿ ಹೇಳುತ್ತೇನೆ.

ಚಿತ್ರೀಕರಣಕ್ಕೆ ಮೊದಲೇ ಕೆಲಸ ಶುರುವಾಗುತ್ತದೆ. ಸ್ಕ್ರಿಪ್ಟ್ ಕೈಗೆ ಬಂದಾಗ ಪ್ರತಿ ದೃಶ್ಯವನ್ನೂ ಒಡೆಯಬೇಕು: ಹಗಲೋ ರಾತ್ರಿಯೋ, ಒಳಾಂಗಣವೋ ಹೊರಾಂಗಣವೋ, ಯಾವ ಪಾತ್ರಗಳು, ಯಾವ ಉಡುಪು, ಯಾವ ವಸ್ತು, ಎಷ್ಟು ಜೂನಿಯರ್ ಕಲಾವಿದರು, ವಾಹನ ಬೇಕೆ, ಮಳೆ ಬೇಕೆ, ಪ್ರಾಣಿ ಬೇಕೆ. ಪ್ರಾಣಿ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕಾಗುತ್ತದೆ ಎಂದು ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕು. ಹದಿನೈದನೇ ದೃಶ್ಯದಲ್ಲಿ ಅಜ್ಜಿ ಕೊಡುವ ಉಂಗುರ ಅರವತ್ತೆರಡನೇ ದೃಶ್ಯದಲ್ಲಿ ಕಳೆದುಹೋಗುತ್ತದೆ ಎಂದಾದರೆ, ಮಧ್ಯದ ಅಷ್ಟೂ ದೃಶ್ಯಗಳಲ್ಲಿ ಆ ಉಂಗುರ ಬೆರಳಲ್ಲಿರಬೇಕು. ಇದನ್ನು ನಿರ್ದೇಶಕರು ನೆನಪಿಡುವುದಿಲ್ಲ. ನೀವು ನೆನಪಿಡಬೇಕು.

ಚಿತ್ರೀಕರಣ ದೃಶ್ಯಗಳ ಕ್ರಮದಲ್ಲಿ ನಡೆಯುವುದಿಲ್ಲ. ನಾಯಕ ಬಾಗಿಲು ತೆರೆದು ಹೊರಬರುವುದನ್ನು ಕಂಠೀರವ ಸ್ಟುಡಿಯೋದ ಸೆಟ್‌ನಲ್ಲಿ ಇವತ್ತು ತೆಗೆಯುತ್ತೀರಿ. ಹೊರಗೆ ಕಾಲಿಟ್ಟು ಬೀದಿಯಲ್ಲಿ ನಡೆಯುವುದನ್ನು ಮೇಲುಕೋಟೆಯಲ್ಲಿ ತಿಂಗಳ ನಂತರ ತೆಗೆಯುತ್ತೀರಿ. ಅಂಗಿಯ ತೋಳು ಎಷ್ಟು ಮಡಿಸಿತ್ತು? ಹಣೆಯ ಗಾಯ ಹಸಿಯಾಗಿತ್ತೋ ಒಣಗಿತ್ತೋ? ವಾಚು ಯಾವ ಕೈಯಲ್ಲಿತ್ತು? ಇದಕ್ಕೆ ಉತ್ತರ ಹೇಳುವುದೇ ಕಂಟಿನ್ಯುಟಿ. ಪ್ರತಿ ಶಾಟ್ ಮುಗಿದಾಗ ಫೋನಿನಲ್ಲಿ ನಟರ ಫೋಟೋ ತೆಗೆಯಿರಿ: ಮುಂದಿನಿಂದ, ಎರಡೂ ಪಕ್ಕದಿಂದ, ಹಿಂದಿನಿಂದ. ಆ ಫೋಟೋಗಳನ್ನು ದೃಶ್ಯ ಸಂಖ್ಯೆಯ ಹೆಸರಿನ ಫೋಲ್ಡರಿಗೆ ಅವತ್ತೇ ಸೇರಿಸಿ. ಒಂದೇ ಒಂದು ಫೋಟೋ ಕೂಡ ಹೊರಗೆ ಹೋಗಬಾರದು. ಸ್ಟೇಟಸ್‌ಗೆ ಹಾಕಿದ ಒಂದು ಚಿತ್ರದಿಂದ ಕೆಲಸ ಕಳೆದುಕೊಂಡವರಿದ್ದಾರೆ. ಫೋಟೋ ಜೊತೆಗೆ ನೋಟ್‌ಬುಕ್ಕೂ ಇರಲಿ. "ಲೋಟ ಬಲಗೈ, 'ಹೋಗ್ಲಿ ಬಿಡು' ಅನ್ನುವಾಗ ಕೆಳಗಿಟ್ಟರು" ಎಂಬ ಒಂದು ಸಾಲು ಸಂಕಲನದ ಮೇಜಿನ ಮೇಲೆ ಒಂದು ದೃಶ್ಯವನ್ನೇ ಉಳಿಸುತ್ತದೆ.

ಕ್ಲಾಪ್ ಬೋರ್ಡ್ ಹೊಡೆಯುವುದನ್ನು ಸುಮ್ಮನೆ ಆಳುಗೆಲಸ ಎಂದುಕೊಳ್ಳಬೇಡಿ. ದೃಶ್ಯ, ಶಾಟ್, ಟೇಕ್ ಸಂಖ್ಯೆಗಳನ್ನು ಸ್ಪಷ್ಟವಾಗಿ ಕೂಗಿ, ಫ್ರೇಮಿನೊಳಗೆ ಹಿಡಿದು, ಒಮ್ಮೆ ಗಟ್ಟಿಯಾಗಿ ಬಡಿದು, ಸದ್ದಿಲ್ಲದೆ ಹೊರಬರಬೇಕು. ಹಲಗೆ ಮುಚ್ಚುವ ಫ್ರೇಮನ್ನೂ ಆ ಟಪ್ ಎಂಬ ಸದ್ದನ್ನೂ ಹೊಂದಿಸಿಯೇ ಸಂಕಲನಕಾರರು ಚಿತ್ರ ಮತ್ತು ಧ್ವನಿಯನ್ನು ಕೂಡಿಸುವುದು. ಆರಂಭದಲ್ಲಿ ಹೊಡೆಯಲಾಗದಿದ್ದರೆ ಶಾಟ್ ಕೊನೆಗೆ ಬೋರ್ಡನ್ನು ತಲೆಕೆಳಗೆ ಹಿಡಿದು ಹೊಡೆಯುತ್ತಾರೆ. ಹತ್ತಿರದ ಕ್ಲೋಸಪ್‌ಗೆ ನಟರ ಮುಖದೆದುರು ಜೋರಾಗಿ ಬಡಿದು ಅವರ ಭಾವ ಕೆಡಿಸಬೇಡಿ, ಮೆಲ್ಲಗೆ ತಟ್ಟಿದರೆ ಸಾಕು. ಈಗ ದೇಶವೇ ಬಲ್ಲ ರಿಷಬ್ ಶೆಟ್ಟಿ ಕೂಡ ನಿರ್ದೇಶನದ ಡಿಪ್ಲೊಮಾ ಮಾಡಿಕೊಂಡು ಕ್ಲಾಪ್ ಹೊಡೆಯುವುದರಿಂದಲೇ ಬಂದವರು.

ಕನ್ನಡ ಸೆಟ್‌ಗಳಲ್ಲಿ ಸಹಾಯಕರ ಪಾಲಿಗೆ ಬರುವ ಇನ್ನೊಂದು ದೊಡ್ಡ ಕೆಲಸ ಪ್ರಾಂಪ್ಟಿಂಗ್. ಬೇರೆ ರಾಜ್ಯದಿಂದ ಬಂದ ನಟಿಗೆ, ನಟನಿಗೆ ಮಾತು ಹೇಳಿಕೊಡುವುದು. ಬರೀ ಸಾಲು ಒದರಿದರೆ ಆಗದು; ಎಲ್ಲಿ ಉಸಿರು, ಎಲ್ಲಿ ಒತ್ತು, 'ಅಲ್ಪಪ್ರಾಣ' ಎಲ್ಲಿ, 'ಳ'ಕಾರ ಎಲ್ಲಿ ಎಂಬುದನ್ನು ತಾಳ್ಮೆಯಿಂದ ಹೇಳಬೇಕು. ಮಂಡ್ಯದ ಕನ್ನಡ, ಕುಂದಾಪುರದ ಕನ್ನಡ, ಧಾರವಾಡದ ಕನ್ನಡ ಬಲ್ಲ ಸಹಾಯಕರಿಗೆ ಈಗ ವಿಶೇಷ ಬೇಡಿಕೆ. ನಿಮ್ಮ ಊರಿನ ಮಾತನ್ನು ಬೆಂಗಳೂರಿಗೆ ಬಂದ ಮೇಲೆ ಅಳಿಸಿಕೊಳ್ಳಬೇಡಿ, ಅದೇ ನಿಮ್ಮ ಬಂಡವಾಳ.

ಮರುದಿನದ ಕಾಲ್‌ಶೀಟ್ ಅಸೋಸಿಯೇಟ್ ಜೊತೆ ಕೂತು ತಯಾರಿಸುವುದನ್ನು ಬೇಗ ಕಲಿಯಿರಿ. ಯಾರು ಎಷ್ಟಕ್ಕೆ ಮೇಕಪ್‌ಗೆ ಕೂರಬೇಕು, ಮೊದಲ ಶಾಟ್ ಯಾವುದು, ಬಿಸಿಲು ಯಾವ ದಿಕ್ಕಿಗೆ ತಿರುಗುವ ಮುನ್ನ ಯಾವ ದೃಶ್ಯ ಮುಗಿಯಬೇಕು ಎಂಬುದೆಲ್ಲ ಅದರಲ್ಲಿದೆ. ಲೈಟ್‌ಮನ್ ಅಣ್ಣಂದಿರು, ಪ್ರೊಡಕ್ಷನ್ ಹುಡುಗರು, ಮೇಕಪ್‌ನವರು ಇವರ ಹೆಸರು ಮೊದಲ ವಾರವೇ ಕಲಿತುಕೊಳ್ಳಿ. ಮೂವತ್ತು ವರ್ಷ ಸೆಟ್ ಕಂಡ ಲೈಟ್‌ಮನ್ ಒಬ್ಬರು ಟೀ ಕುಡಿಯುತ್ತಾ ಹೇಳುವ ಮಾತಿನಲ್ಲಿ ಒಂದು ಸೆಮಿಸ್ಟರ್ ಪಾಠ ಇರುತ್ತದೆ.

ಬೈಗುಳದ ಬಗ್ಗೆ ಒಂದು ಮಾತು. ಒತ್ತಡದಲ್ಲಿ ದನಿ ಏರುವುದು ಬೇರೆ, ಮನುಷ್ಯನನ್ನು ಹೀನಾಯವಾಗಿ ಕಾಣುವುದು ಬೇರೆ. ಎರಡನೆಯದನ್ನು "ಕಲಿಕೆ" ಎಂದು ಸಹಿಸಬೇಕಿಲ್ಲ. ಹೆಣ್ಣುಮಕ್ಕಳು ಒಪ್ಪಿಕೊಳ್ಳುವ ಮೊದಲೇ ಕೇಳಿ: ಹೊರ ಊರಿನಲ್ಲಿ ವಸತಿ ಎಲ್ಲಿ, ಯಾರ ಜೊತೆ; ರಾತ್ರಿ ಶೂಟಿಂಗ್ ಮುಗಿದ ಮೇಲೆ ಗಾಡಿ ಇದೆಯೇ; ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆ ಸಮಿತಿ ಇರಲೇಬೇಕೆಂದು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಚಿಕ್ಕ ತಂಡವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಪ್ರಶ್ನೆ ಕೇಳಿದ್ದಕ್ಕೇ ಮುಖ ಸಿಂಡರಿಸುವ ತಂಡ ನಿಮಗೆ ಬೇಡ.

ನಟನೆಗೆ ಬರುವವರಿಗೆ

ಜಿಮ್ ಮತ್ತು ಫೋಟೋಶೂಟ್‌ಗೆ ಹಾಕುವ ದುಡ್ಡನ್ನು ರಂಗಭೂಮಿಗೆ ಹಾಕಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಮೈಸೂರಿನಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ಇದೆ, ಮಂಡ್ಯ ರಮೇಶ್ ಅವರ ನಟನ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವೂ ಹತ್ತಾರು ಹವ್ಯಾಸಿ ತಂಡಗಳೂ ಇವೆ. ಹವ್ಯಾಸಿ ರಂಗಭೂಮಿಯಿಂದ ಬಂದ ಸಂಚಾರಿ ವಿಜಯ್ ಅವರಿಗೆ 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಇನ್ನೊಂದು ಕಡೆ, ಮಂಡ್ಯ ಸೀಮೆಯ ಹಳ್ಳಿಯವರನ್ನೇ ಪಾತ್ರಗಳಾಗಿಸಿದ 'ತಿಥಿ' 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ತಂದಿತು. ಬಣ್ಣ, ಎತ್ತರಗಳಿಗಿಂತ ನಿಮ್ಮ ಮೈಯಲ್ಲಿ ಒಂದು ಬದುಕು ಕಾಣಬೇಕು ಎಂಬುದು ಇವೆರಡಕ್ಕೂ ಹೊಂದುವ ಮಾತು.

ಆಡಿಷನ್‌ಗೆ ಕಳುಹಿಸುವ ಫೋಟೋಗಳು ಸಾದಾ ಇರಲಿ: ಹಗಲು ಬೆಳಕು, ಮೇಕಪ್ ಇಲ್ಲದೆ, ಮುಖ ಮತ್ತು ಪೂರ್ಣ ಆಕೃತಿ. ಒಂದು ನಿಮಿಷದ ಪರಿಚಯ ವಿಡಿಯೋದಲ್ಲಿ ಹೆಸರು, ವಯಸ್ಸು, ಎತ್ತರ, ಊರು, ಬಲ್ಲ ಭಾಷೆಗಳು, ಈಜು, ಬೈಕ್, ಯಕ್ಷಗಾನ, ಡೊಳ್ಳು ಹೀಗೆ ಬರುವುದನ್ನೆಲ್ಲ ಹೇಳಿ. ಪ್ರಸಿದ್ಧ ನಟರ ಡೈಲಾಗ್ ಅನುಕರಿಸಬೇಡಿ.

ಪಾತ್ರ ಕೊಡಿಸುತ್ತೇನೆಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೋಂದಣಿ ಶುಲ್ಕ, ಕಾರ್ಡ್ ಶುಲ್ಕ, ಪೋರ್ಟ್‌ಫೋಲಿಯೋ ಶುಲ್ಕ, "ಪ್ರೊಡ್ಯೂಸರ್ ಜೊತೆ ಸಣ್ಣ ಇನ್ವೆಸ್ಟ್‌ಮೆಂಟ್", ಯಾವ ಹೆಸರಿನಲ್ಲಿ ಕೇಳಿದರೂ ಅಷ್ಟೇ. ಕೆಲಸ ಮಾಡಿದವರಿಗೆ ಚಿತ್ರ ಹಣ ಕೊಡುತ್ತದೆ, ತೆಗೆದುಕೊಳ್ಳುವುದಿಲ್ಲ. ಹೋಟೆಲ್ ಕೋಣೆಗೆ ಒಬ್ಬರೇ ಬನ್ನಿ ಎನ್ನುವ ಆಡಿಷನ್ ಆಡಿಷನ್ ಅಲ್ಲ. ಊರಿನಲ್ಲಿ ಅಪ್ಪ ಮಾರಿದ ಎತ್ತಿನ ದುಡ್ಡು ಹೀಗೆ ಹೋದ ಕಥೆಗಳನ್ನು ಕೇಳಿ ಕೇಳಿ ನನಗೆ ಸಂಕಟವಾಗಿದೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಹೆಜ್ಜೆ 5: ದುಡ್ಡು, ಕಾಗದ, ಹೆಸರು

ಹೊಸಬರು ಹಣದ ಮಾತೆತ್ತಲು ನಾಚುತ್ತಾರೆ. ನಾಚಬೇಡಿ. ಸೇರುವ ದಿನವೇ ಕೇಳಿ: ತಿಂಗಳ ಲೆಕ್ಕವೋ ಇಡೀ ಚಿತ್ರಕ್ಕೋ, ದಿನದ ಬಾಟಾ (ದಿನಭತ್ಯೆ) ಇದೆಯೇ, ಊಟ-ವಸತಿ-ಪ್ರಯಾಣ ಯಾರದು, ಶೂಟಿಂಗ್ ನಿಂತು ಹೋದರೆ ಏನು, ಡಬ್ಬಿಂಗ್ ಮತ್ತು ಪೋಸ್ಟ್ ಪ್ರೊಡಕ್ಷನ್ ದಿನಗಳಿಗೂ ಸಂಬಳ ಇದೆಯೇ. ಕೊನೆಯ ಕಂತು "ರಿಲೀಸ್ ಆದ ಮೇಲೆ" ಎಂದರೆ ಅದು ಬಾರದಿರುವ ಸಾಧ್ಯತೆ ಹೆಚ್ಚು ಎಂದು ತಿಳಿಯಿರಿ. ಕುಂಬಳಕಾಯಿ ಒಡೆಯುವ ದಿನಕ್ಕೆ, ಅಂದರೆ ಚಿತ್ರೀಕರಣ ಮುಗಿಯುವ ದಿನಕ್ಕೆ, ಬಹುಪಾಲು ಕೈಸೇರುವಂತೆ ಮಾತಾಡಿ.

ಸಿನಿಮಾ ಕೆಲಸಗಾರರ ಜೊತೆ ಲಿಖಿತ ಒಪ್ಪಂದ ಇರಬೇಕೆಂದು 1981ರಲ್ಲೇ ಕೇಂದ್ರದ ಕಾಯ್ದೆ ಬಂತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಸಣ್ಣ ಚಿತ್ರಗಳಲ್ಲಿ ಇದನ್ನು ಪಾಲಿಸುವವರು ಕಡಿಮೆ. ಒಪ್ಪಂದ ಪತ್ರ ಸಿಗದಿದ್ದರೆ ಮಾತಾದ ಸಂಜೆಯೇ ಒಂದು ವಾಟ್ಸಾಪ್ ಕಳುಹಿಸಿ: "ಸರ್, ಇವತ್ತು ಮಾತಾದಂತೆ ತಿಂಗಳಿಗೆ ಇಷ್ಟು, ಬಾಟಾ ಇಷ್ಟು, ಟೈಟಲ್ ಕಾರ್ಡ್‌ನಲ್ಲಿ ಸಹಾಯಕ ನಿರ್ದೇಶಕ ಎಂದು ಹೆಸರು. ಸೋಮವಾರದಿಂದ ಬರುತ್ತೇನೆ." ಅವರು "ಓಕೆ" ಎಂದು ಉತ್ತರಿಸಿದರೆ ನಿಮ್ಮ ಕೈಯಲ್ಲಿ ಒಂದು ದಾಖಲೆ ಇದ್ದಂತೆ.

ಬೆಂಗಳೂರಿಗೆ ಬರುವ ಮುನ್ನ ಆರು ತಿಂಗಳ ಬಾಡಿಗೆ, ಊಟದ ಹಣ ಇಟ್ಟುಕೊಂಡು ಬನ್ನಿ. ಅದಾಗದಿದ್ದರೆ ಊರಲ್ಲೇ ಇನ್ನೊಂದು ವರ್ಷ ದುಡಿಯಿರಿ, ತಡವಾಗುವುದಿಲ್ಲ. ಎರಡು ಚಿತ್ರಗಳ ನಡುವಿನ ಖಾಲಿ ತಿಂಗಳುಗಳಿಗೆ ಪಕ್ಕದ ಸಂಪಾದನೆ ಬೇಕು: ಮದುವೆ ವಿಡಿಯೋ ಎಡಿಟಿಂಗ್, ಯೂಟ್ಯೂಬ್ ಚಾನೆಲ್‌ಗಳ ಕೆಲಸ, ಸಬ್‌ಟೈಟಲ್, ಜಾಹೀರಾತು ಅನುವಾದ. ಇದು ಕೀಳು ಕೆಲಸವಲ್ಲ. ಹೊಟ್ಟೆ ತುಂಬಿದವರು ಕೆಟ್ಟ ಚಿತ್ರಕ್ಕೆ "ಬೇಡ" ಎನ್ನಬಲ್ಲರು.

ಹೆಜ್ಜೆ 6: ಸ್ವಂತ ಕಥೆ

ಎರಡು ಮೂರು ಚಿತ್ರಗಳಲ್ಲಿ ದುಡಿದ ಮೇಲೆ ಎಲ್ಲರ ಬ್ಯಾಗಿನಲ್ಲೂ ಒಂದು ಸ್ಕ್ರಿಪ್ಟ್ ಇರುತ್ತದೆ. ಬಾಯಲ್ಲಿ ಹೇಳಿದ ಎಳೆಗೆ ಕಾನೂನಿನ ರಕ್ಷಣೆ ಇಲ್ಲ. ಕೃತಿಸ್ವಾಮ್ಯ ಇರುವುದು ಬರೆದ ರೂಪಕ್ಕೆ. ಆದ್ದರಿಂದ ಒಂದು ಸಾಲಿನ ಎಳೆ ಹಿಡಿದು ಆಫೀಸು ಸುತ್ತಬೇಡಿ, ಸಂಭಾಷಣೆ ಸಹಿತ ಪೂರ್ತಿ ಬರೆದು ಮುಗಿಸಿ. ಕೃತಿಸ್ವಾಮ್ಯ ಕಚೇರಿಯಲ್ಲಿ ಅಥವಾ ಮುಂಬೈನ ಚಿತ್ರಕಥೆಗಾರರ ಸಂಘದ ಸದಸ್ಯರಾಗಿ ಅಂತರ್ಜಾಲದಲ್ಲಿ ನೋಂದಾಯಿಸಿ, ಆಮೇಲೆ ಹೇಳಿ. ಯಾರಿಗೆ, ಯಾವತ್ತು ಕಳುಹಿಸಿದಿರಿ ಎಂಬುದು ಇಮೇಲ್‌ನಲ್ಲಿರಲಿ. ಚಿತ್ರದ ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವುದು ನಿರ್ಮಾಪಕರ ಬ್ಯಾನರ್ ಮೂಲಕ, ಅದರ ಚಿಂತೆ ನಿಮಗೆ ಆಮೇಲೆ.

ನಿರ್ಮಾಪಕ ಸಿಗದಿದ್ದಾಗ ಬೇರೆ ದಾರಿಯೂ ಇದೆ. ಯೋಗರಾಜ್ ಭಟ್ಟರ ಬಳಿ ಕೆಲಸ ಮಾಡಿದ್ದ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ 2013ರಲ್ಲಿ 'ಲೂಸಿಯಾ' ತಂದರು. ಅದು ಸಾಧ್ಯವಾದದ್ದು ಅವರು ಆಗಲೇ ಬರಹಗಾರನಾಗಿ, ನಿರ್ದೇಶಕನಾಗಿ ಗೊತ್ತಿದ್ದ ಹೆಸರಾಗಿದ್ದರಿಂದ. ಹೆಸರಿಲ್ಲದವರು ಮೊದಲು ಹತ್ತು ನಿಮಿಷದ ಕಿರುಚಿತ್ರ ಮಾಡಲಿ. ಒಂದೇ ಜಾಗ, ಎರಡು ಮೂರು ಪಾತ್ರ, ನಿಮಗೆ ಚೆನ್ನಾಗಿ ಗೊತ್ತಿರುವ ಬೀದಿ. ಕ್ಯಾಮೆರಾ ಬಾಡಿಗೆಯಲ್ಲಿ ಉಳಿಸಿ, ಸೌಂಡ್‌ಗೆ ಖರ್ಚು ಮಾಡಿ. ಮಸುಕಾದ ಚಿತ್ರವನ್ನು ಜನ ನೋಡುತ್ತಾರೆ, ಕೇಳಿಸದ ಮಾತನ್ನು ಅರ್ಧ ನಿಮಿಷ ಕೂಡ ಸಹಿಸುವುದಿಲ್ಲ. ಉತ್ಸವಗಳಿಗೆ ಕಳುಹಿಸುವ ಯೋಚನೆ ಇದ್ದರೆ ಮೊದಲೇ ಯೂಟ್ಯೂಬ್‌ಗೆ ಹಾಕಬೇಡಿ, ಹಲವು ಉತ್ಸವಗಳು ಅಂಥವನ್ನು ತೆಗೆದುಕೊಳ್ಳುವುದಿಲ್ಲ. ಮನೆಯ ಸೈಟು ಮಾರಿ, ಅಕ್ಕನ ಒಡವೆ ಅಡವಿಟ್ಟು ಮೊದಲ ಚಿತ್ರ ಮಾಡಬೇಡಿ. ಎರಡನೇ ಚಿತ್ರ ಮಾಡುವ ಶಕ್ತಿ ಉಳಿಯುವಂತೆ ಮೊದಲನೆಯದನ್ನು ಮಾಡಿ.

ಚಿತ್ರ ಮುಗಿದ ಮೇಲೆ

ಕೊನೆಯ ದಿನ ಫೋಟೋ ತೆಗೆಸಿಕೊಂಡು ಹೊರಟುಬಿಡಬೇಡಿ. ಕಂಟಿನ್ಯುಟಿ ಪುಸ್ತಕ, ಫೋಟೋ ಫೋಲ್ಡರ್‌ಗಳನ್ನು ಸಂಕಲನ ವಿಭಾಗಕ್ಕೆ ಕೈಯಾರೆ ಕೊಟ್ಟು, ಒಂದು ವಾರ ಅಲ್ಲಿ ಕೂರಲು ಅನುಮತಿ ಕೇಳಿ. ನೀವು ಸೆಟ್‌ನಲ್ಲಿ ಮಾಡಿದ ಯಾವುದು ಉಪಯೋಗಕ್ಕೆ ಬಂತು ಎಂದು ತಿಳಿಯುವುದು ಅಲ್ಲೇ. ನಿರ್ಮಾಣ ಸಂಸ್ಥೆಯಿಂದ ಇಂಥ ಚಿತ್ರದಲ್ಲಿ ಇಂಥ ಕೆಲಸ ಮಾಡಿದ್ದೀರಿ ಎಂಬ ಪತ್ರ ಪಡೆಯಿರಿ. ನಿರ್ದೇಶಕರ ಸಂಘ, ಆಯಾ ತಂತ್ರಜ್ಞರ ಸಂಘಗಳ ಸದಸ್ಯತ್ವ ಕೇಳುವಾಗ ಅದು ನೆರವಿಗೆ ಬರುತ್ತದೆ. ಪ್ರತಿ ಸಂಘದ ನಿಯಮ, ಶುಲ್ಕ ಬೇರೆ. ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ಕಚೇರಿಗೆ ಹೋಗಿ ಕೇಳಿ. ಟಿಕೆಟ್ ಮೇಲೆ ಶೇ 2ರವರೆಗೆ ಸೆಸ್ ವಿಧಿಸಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರಿಗೆ ಕಲ್ಯಾಣ ನಿಧಿ ಮಾಡುವ ಕಾಯ್ದೆಯನ್ನು ರಾಜ್ಯ 2024ರಲ್ಲಿ ತಂದಿದೆ. ಅಂಥ ಯೋಜನೆಗಳಿಗೆ ಹೆಸರು ಬರೆಸುವಾಗಲೂ ಕೆಲಸದ ದಾಖಲೆ ಕೈಯಲ್ಲಿದ್ದರೆ ಒಳ್ಳೆಯದು.

ಫಸ್ಟ್ ಕಾಪಿ (ಎಲ್ಲ ಕೆಲಸ ಮುಗಿದ ಚಿತ್ರದ ಮೊದಲ ಪ್ರತಿ) ಆಗುವ ಮೊದಲು ಟೈಟಲ್ ಕಾರ್ಡ್ ಸಿದ್ಧಪಡಿಸುವವರಿಗೆ ನಿಮ್ಮ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು ಕಳುಹಿಸಿ, ಕಾಗುಣಿತ ಸರಿಯಿದೆಯೇ ಎಂದು ಪರದೆಯ ಮೇಲೆ ಒಮ್ಮೆ ನೀವೇ ನೋಡಿ. ಸೆನ್ಸಾರ್ ಆದ ಮೇಲೆ ಅದನ್ನು ತಿದ್ದಿಸುವುದು ಕಷ್ಟ.